ಬಂಡೆಯ ಬಿರುಕಿನ ಚಮಚ

ಚಿನ್ನದ ಬೆಲೆಯ ಪೈನ್ ಕಾಡಿನ ಅಣಬೆ ಎಲ್ಲಿ ಏಳುತ್ತದೆ ಎಂಬುದನ್ನು ನಮ್ಮ ಕಣಿವೆಯ ಗಂಡಸರು ಹೆತ್ತ ಮಕ್ಕಳಿಗೂ ಹೇಳುವುದಿಲ್ಲ. ಹೆಂಡತಿಯ ಮಾತಂತೂ ಬಿಡಿ. ನನ್ನ ಗಂಡ ದಾಲ್ಸು ಶರತ್ಕಾಲದಲ್ಲಿ ಅಣಬೆ ಏಳುವಾಗ ನಸುಕಿಗೇ ಹೊರಟು, ಸಂಜೆ ಬುಟ್ಟಿಗೆ ಸೊಪ್ಪು ಮುಚ್ಚಿಕೊಂಡು ಬರುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದರೆ "ಬೆಟ್ಟಕ್ಕೆ" ಎನ್ನುವರು. ಸುತ್ತ ಬೆಟ್ಟ ಬಿಟ್ಟರೆ ಬೇರೇನಿದೆ?

ಹೊಟ್ಟೆಯ ಗಡ್ಡೆ ಕೈಮೀರಿದೆ ಎಂದು ಡಾಕ್ಟರು ಹೇಳಿದ ಮೇಲೆ ಅವರು ನಿದ್ದೆ ಬಿಟ್ಟರು. ಕಣ್ಣು ಮುಚ್ಚಲು ಹೆದರಿಕೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ಎಲ್ರೂ ಸಾಯ್ತಾರೆ. ನೀವೇನು ಮೊದಲನೆಯವರಾ?" ಎಂದೆ.

ಒಂದು ಬೆಳಿಗ್ಗೆ ಗಂಜಿ ಪಕ್ಕಕ್ಕೆ ಸರಿಸಿ ಹೇಳಿದರು: "ಬೊಕ್ಸುನ್ ಅಮ್ಮಾ, ನನ್ನನ್ನ ಅಪ್ಪನ ಗೋರಿ ಪಕ್ಕ ಹೂಳಬೇಡ. ಸುಟ್ಟು, ಬೂದಿ ನನ್ನ ಜಾಗದಲ್ಲಿ ಹಾಕು."

ಬೊಕ್ಸುನ್ ನಮ್ಮ ಮಗಳು. ಅವಳು ಹುಟ್ಟಿದ ಮೇಲೆ ನನಗೆ ಬೇರೆ ಹೆಸರೇ ಉಳಿಯಲಿಲ್ಲ.

"ಯಾವ ಜಾಗ?"

ಅವರು ಗಂಜಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು. ಅವರ ಲೆಕ್ಕ ನನಗೆ ಅರ್ಥವಾಯಿತು. ಹೆಣ ಹೊರಲು ಊರವರು ಬಂದರೆ ಗುಟ್ಟು ಬಯಲಾಗುತ್ತದೆ. ಪಕ್ಕದ ಮನೆಯ ಚಿಲ್ಬೊಕ್ ಹೆಣ ಇಳಿಸುವ ಮೊದಲೇ ಅಣಬೆಗೆ ಕೈಹಾಕುವ ಆಸಾಮಿ. ಬೂದಿಯಾದರೆ ಒಬ್ಬಳೇ ಒಯ್ಯಬಹುದು. ಆದರೆ ಆ ಒಬ್ಬಳಿಗೆ ಹೇಳಲೇಬೇಕಲ್ಲ.

"ಹೇಳ್ದೆ ಇದ್ರೆ ಕುಂಬಳಬಳ್ಳಿ ಬುಡಕ್ಕೆ ಸುರೀತೀನಿ, ನೋಡಿ."

"ಕೋಲು ಕೊಡು, ತೋರಿಸ್ತೀನಿ," ಎಂದರು.

ತೊರೆ ದಾಟಿದೆವು. ಹೆಜ್ಜೆಗೊಮ್ಮೆ ಕೂತು, ಎದ್ದು, ಏರಿದೆವು. ಸಿಡಿಲು ಬಡಿದ ಮರದ ಬಳಿ ಎಡಕ್ಕೆ ತಿರುಗಿದಾಗ ನನಗೆ ಅನುಮಾನ ಶುರುವಾಯಿತು. ಪೈನ್ ಮರಗಳು ಮುಗಿಯುವಲ್ಲಿ ಒಂದು ಚಪ್ಪಟೆ ಬಂಡೆ. ಅವರು ಅದರ ಬಿರುಕಿಗೆ ಕೈಹಾಕಿ ಒಂದು ಚಮಚ ತೆಗೆದರು.

"ಯಾವನೋ ಇಟ್ಟಿದ್ದಾನೆ. ನಾನೂ ಇದ್ರಲ್ಲೇ ಉಂಡು ಅಲ್ಲೇ ಇಡ್ತೀನಿ. ಆಸಾಮಿ ವಸಂತದಲ್ಲಿ ಬರೋನು ಅಂತ ಕಾಣುತ್ತೆ. ಅಣಬೆ ಸುದ್ದಿನೇ ಗೊತ್ತಿಲ್ಲ, ಪೆದ್ದ."

"ಆ ಪೆದ್ದ ನಾನೇ ರೀ."

ಬಂಡೆಯಾಚೆಯ ಬಿಸಿಲಿನ ಇಳಿಜಾರಿನಲ್ಲಿ ವಸಂತಕ್ಕೆ ಅಡುಗೆಗಾಗುವ ಜರಿಗಿಡದ ಸುರುಳಿ ಚಿಗುರು ಏಳುತ್ತದೆ. ಅದನ್ನು ಕೀಳುವ ಜಾಗವನ್ನು ನಾವು ಹೆಂಗಸರೂ ಯಾರಿಗೂ ಹೇಳುವುದಿಲ್ಲ. ಪ್ರತಿ ವರ್ಷ ಚಮಚದ ಹಿಡಿ ಬೇರೆ ಕಡೆಗೆ ತಿರುಗಿರುತ್ತಿತ್ತು. ನಾನು ಅಳಿಲಿನ ಕೆಲಸ ಅಂದುಕೊಂಡಿದ್ದೆ.

"ಕಳ್ಳಿ! ಇಷ್ಟು ವರ್ಷ!"

"ನನ್ನ ಚಮಚದಲ್ಲಿ ಉಂಡೋರು ನೀವು. ಕಳ್ಳ ಯಾರು?"

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೋವಿಗೂ ಹಿಡಿದುಕೊಂಡಿರಬೇಕು. ಆಮೇಲೆ ಮರದ ಬುಡದ ಒಣ ಎಲೆಗಳನ್ನು ಬೆರಳಿನಿಂದ ಮೆಲ್ಲಗೆ ಸರಿಸಿದರು. ಮಣ್ಣಿನಿಂದ ಅಣಬೆಯೊಂದರ ತಲೆ ಆಗಷ್ಟೇ ಹೊರಬರುತ್ತಿತ್ತು. ಕೀಳದೆ ಮತ್ತೆ ಎಲೆ ಮುಚ್ಚಿದರು.

"ಇಲ್ಲಿ ಕೂತ್ರೆ ಹೆದರಿಕೆ ಆಗಲ್ಲ ನೋಡು. ಎಲೆ ಉದುರ್ತಾನೇ ಇರುತ್ತೆ, ಕೆಳಗಿಂದ ಇದು ಏಳ್ತಾನೇ ಇರುತ್ತೆ. ನಾನೂ ಆ ಎಲೆ ಜೊತೆ ಬಿದ್ದಿರ್ತೀನಿ, ಅಷ್ಟೇ."

ಹಾಗೆಂದವರು ಬಂಡೆಗೆ ಒರಗಿ ನಿದ್ದೆಹೋದರು. ಎಷ್ಟೋ ದಿನಗಳ ಬಾಕಿ ನಿದ್ದೆ. ನಾನು ಅವರ ಕಾಲಿನ ಮೇಲೆ ಹತ್ತುವ ಇರುವೆ ಕೊಡವುತ್ತ ಕೂತೆ. ಆಗ ನನಗೆ ಅಳು ಬಂತು.

ಮೊದಲ ಹಿಮ ಬಿದ್ದ ವಾರ ಅವರು ತೀರಿಕೊಂಡರು. ಬೂದಿಯನ್ನು ನಾನೊಬ್ಬಳೇ ಒಯ್ದೆ.

ಶರತ್ಕಾಲದ ಸುಗ್ಗಿ ಹುಣ್ಣಿಮೆಯ ಹಬ್ಬಕ್ಕೆ ಎಲ್ಲರೂ ಹಿರಿಯರ ಗೋರಿಗೆ ಹೋಗುತ್ತಾರೆ. ಆದರೆ ಅದು ಅಣಬೆಯ ಕಾಲ. ಚಿಲ್ಬೊಕ್ ನನ್ನ ಹಿಂದೆಯೇ ಬಂದುಬಿಡುತ್ತಾನೆ. ಮರುವರ್ಷ ನಾನು ಮನೆಯಲ್ಲೇ ಎಡೆ ಇಟ್ಟೆ. ಕಲ್ಲು ಮನಸ್ಸಿನ ಹೆಂಗಸು ಎಂದರು ಊರವರು.

"ಅಪ್ಪ ಎಲ್ಲಿದ್ದಾರೆ, ಅಷ್ಟಾದ್ರೂ ಹೇಳಮ್ಮ," ಎಂದು ಬೊಕ್ಸುನ್ ಅತ್ತಳು.

"ಬೆಟ್ಟದಲ್ಲಿ," ಎಂದೆ.

ವಸಂತದಲ್ಲಿ ಮಾತ್ರ ಹೋಗುತ್ತೇನೆ, ಸೊಪ್ಪಿನ ಚೀಲ ಹಿಡಿದು. ಮುದುಕಿಯ ಹಿಂದೆ ಆಗ ಯಾರೂ ಬರುವುದಿಲ್ಲ. ಹಿಂದಿನ ವರ್ಷದ ಅಣಬೆ ಅಲ್ಲೇ ಎದ್ದು ಅಲ್ಲೇ ಕೊಳೆತುಹೋಗಿರುತ್ತದೆ. ಅವರಿಗೆ ಹೊಟ್ಟೆ ಉರಿಯುತ್ತಿರಬೇಕು. ಬಂಡೆಯ ಮೇಲೆ ಅನ್ನದ ಬಟ್ಟಲಿಟ್ಟು, ನಮ್ಮಲ್ಲಿ ಸತ್ತವರಿಗೆ ಇಡುವಂತೆ ಚಮಚವನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚುತ್ತೇನೆ. ಇರುವುದು ಒಂದೇ ಚಮಚ. ಅವರ ಊಟ ಆಗುವವರೆಗೆ ಕಾಯುತ್ತೇನೆ, ಆಮೇಲೆ ಅದರಲ್ಲೇ ಉಣ್ಣುತ್ತೇನೆ.