ಅರಳಿಮರದ ತಿರುವಿನ ಹಾರ್ನು

“ಅದು ನಿಮಗೆ ಹೇಗೆ ಗೊತ್ತು?” ಎಂದಳು ಆ ಹುಡುಗಿ.

ರಘುನಂದನನಿಗೆ ನಗು ಬಂತು. ಇಪ್ಪತ್ತು ವರ್ಷ ಪಾಠ ಹೇಳಿದವನನ್ನು, ನಿನ್ನೆ ಮೊನ್ನೆ ಓದು ಮುಗಿಸಿದ ಈ ಸುಮೇಧಾ ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದಳು. ಶ್ರೀರಂಗಪಟ್ಟಣದಲ್ಲಿ ಕಾಲೇಜು ಅಧ್ಯಾಪಕರಿಗೆ ಒಂದು ದಿನದ ತರಬೇತಿ. ತನ್ನ ಬಗ್ಗೆ ತಾನು ನಂಬಿಕೊಂಡಿರುವ ಒಂದು ಮಾತನ್ನು ಪ್ರತಿಯೊಬ್ಬರೂ ಹೇಳಬೇಕು, ಅವಳು ಅದನ್ನು ಕೆದಕಬೇಕು. ಹಾಗೆ ಕೆದಕಿದರೆ ಮನುಷ್ಯ ಬೆಳೆಯುತ್ತಾನಂತೆ. ಊಟದ ಹೊತ್ತಾದರೂ ಯಾರೂ ಬೆಳೆದಂತೆ ಕಾಣುತ್ತಿರಲಿಲ್ಲ.

ರಘುನಂದನ ಹೇಳಿದ್ದು ಇಷ್ಟೇ: ನನ್ನನ್ನು ಕಂಡರೆ ಯಾರಿಗೂ ಭಯವಿಲ್ಲ.

“ಹೇಗೆ ಗೊತ್ತು ಅಂದ್ರೆ? ನಮ್ಮನೇಲಿ ಒಂದು ದಿನ ಜೋರು ದನಿ ಎದ್ದಿಲ್ಲ.”

“ಯಾರದು ಸಾರ್?”

“ಯಾರದೂ.”

ಅವಳು ಸುಮ್ಮನೆ ತಲೆಯಾಡಿಸಿದಳು. ಆ ತಲೆಯಾಟ ಅವನಿಗೆ ಹಿಡಿಸಲಿಲ್ಲ. ಅದಕ್ಕೇ ಅಪ್ಪನ ಕಥೆ ತೆಗೆದ. ಅಪ್ಪನ ಬಾಯಲ್ಲಿ ಬೈಗುಳ, ಕೈಯಲ್ಲಿ ಬಾರುಕೋಲು. ಅಪ್ಪ ಕೊಟ್ಟಿಗೆಗೆ ಕಾಲಿಟ್ಟರೆ ಹಸು ಹೆದರಿ ಹಾಲು ಇಳಿಸುತ್ತಿರಲಿಲ್ಲ. ಅವನು ಹೊರಗೆ ಹೋಗುವುದನ್ನೇ ಕಾದು ಅವ್ವ ಕರೆಯಲು ಕೂರುತ್ತಿದ್ದಳು. “ಅಂಥವನ ಮಗ ನಾನು. ಹಾಗಾಗಬಾರದು ಅಂತ ಚಿಕ್ಕಂದಿನಲ್ಲೇ ತೀರ್ಮಾನ ಮಾಡಿದೆ. ಆಗಲಿಲ್ಲ” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿಯೂ ತಟ್ಟಿದಳು.

ತರಬೇತಿ ಬೇಗ ಮುಗಿಯಿತು. ಸ್ಕೂಟರು ಬೆಳಿಗ್ಗೆ ಬರುವಾಗಲೇ ದಾರಿಯಲ್ಲಿ ಕೆಟ್ಟು ಮೆಕ್ಯಾನಿಕ್ಕಿನ ಅಂಗಡಿ ಸೇರಿತ್ತು. ಪಾಂಡವಪುರದ ಬಸ್ಸು ಹತ್ತಿ, ಜೊತೆಯ ಅಧ್ಯಾಪಕ ಶ್ರೀಕರನ ಪಕ್ಕ ಕೂತ.

“ಶ್ರೀಕರ, ನಾನು ಹೆದರಿಸೋ ಥರ ಇದೀನೇನ್ರೀ?”

ಶ್ರೀಕರ ಕಿಟಕಿಯಾಚೆ ಕರಿಘಟ್ಟದ ಕಡೆ ನೋಡಿದ. “ನೀವಾ ಸಾರ್? ಛೆ ಛೆ” ಎಂದ. ಆಮೇಲೆ ಮೊಬೈಲು ತೆಗೆದ.

ರಘುನಂದನನಿಗೆ ಕೋಪ ಬರುತ್ತಿರಲಿಲ್ಲವೆಂದಲ್ಲ. ಬಂದರೆ ಉಣ್ಣುತ್ತಿದ್ದ ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಡುತ್ತಿದ್ದ. ಆಮೇಲೆ ಎರಡು ದಿನವೋ ನಾಲ್ಕು ದಿನವೋ ಮಾತಿರುತ್ತಿರಲಿಲ್ಲ. ಹೆಂಡತಿ ಮಾನಸ ಏನಾಯಿತೆಂದು ಕೇಳಿದರೆ, “ನಾನೇನಾದ್ರೂ ಅಂದ್ನಾ?” ಎನ್ನುತ್ತಿದ್ದ. ಅಂದಿರುತ್ತಿರಲಿಲ್ಲ. ಆ ಮಟ್ಟಿಗೆ ಅವನ ಬಾಯಿ ಚೊಕ್ಕ.

ಮನೆಯೂ ಅಷ್ಟೇ ಚೊಕ್ಕವಾಗಿತ್ತು. ಸಂಜೆ ಅರಳಿಮರದ ತಿರುವಿನಲ್ಲಿ ಅವನು ಎರಡು ಸಲ ಹಾರ್ನ್ ಹೊಡೆದರೆ, ಬಾಗಿಲಿಗೆ ಬರುವಷ್ಟರಲ್ಲಿ ಗೇಟು ತೆರೆದಿರುತ್ತಿತ್ತು. ಟಿವಿ ಆರಿರುತ್ತಿತ್ತು. ಹಸು ಕರೆದು ಹಾಲು ಡೈರಿಗೆ ಹೋಗಿಯೂ ಆಗಿರುತ್ತಿತ್ತು. ಕಾಫಿ ಲೋಟ ಕೈಗೆ ಬರುತ್ತಿತ್ತು. ಇದನ್ನೆಲ್ಲ ಅವನು ಪ್ರೀತಿ ಎಂದುಕೊಂಡಿದ್ದ.

ಬಸ್ಸಿಳಿದರೆ ನಾಲೆ ಏರಿಯ ಮೇಲೆ ನಡೆದು ಹಿತ್ತಲಿಗೇ ಬರುವುದು ಹತ್ತಿರ. ಎಷ್ಟೋ ವರ್ಷದಿಂದ ಆ ದಾರಿ ತುಳಿದಿರಲಿಲ್ಲ. ಹುಲ್ಲಿನ ಮೆದೆ ಹತ್ತಿರ ಬರುವಾಗ ಯಾರೋ ಹೆಂಗಸರು ನಗುವುದು ಕೇಳಿಸಿತು. ಬಿದ್ದು ಬಿದ್ದು ನಗುತ್ತಿದ್ದರು. ಪಕ್ಕದ ಮನೆಯವರಿರಬೇಕು ಎಂದುಕೊಂಡ. ಪಕ್ಕದ ಮನೆ ನಾಲೆಯಿಂದಾಚೆ ಇತ್ತು.

ಮಾನಸ ನಗುತ್ತಿದ್ದಳು. ಅವಳ ನಗು ಹೀಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಮೆದೆಯ ಮರೆಯಿಂದ ಇಣುಕಿದ. ಕೊಟ್ಟಿಗೆಯಲ್ಲಿ ಮಾನಸ ಹಾಲು ಕರೆಯುತ್ತಿದ್ದಳು. ಅವ್ವ ಜಯಲಕ್ಷ್ಮಮ್ಮ ಕಂಬಕ್ಕೊರಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಗಳು ರಂಜಿತ ಬೋರಲು ಹಾಕಿದ ಮಂಕರಿ ಬುಟ್ಟಿಯ ಮೇಲೆ ಕೂತು, ಇಲ್ಲದ ಕನ್ನಡಕ ಸರಿಮಾಡಿಕೊಂಡಳು. ಇಲ್ಲದ ತಟ್ಟೆಯನ್ನು ನೋಡಿದಳು. ನಿಧಾನವಾಗಿ, ಒಂದೊಂದೇ ಬೆರಳು ತೊಳೆದಳು. ಎದ್ದು ಎರಡು ಹೆಜ್ಜೆ ಹೋಗಿ ಕತ್ತು ಮಾತ್ರ ತಿರುಗಿಸಿ, “ನಾನೇನಾದ್ರೂ ಅಂದ್ನಾ?” ಎಂದಳು.

ಮಾನಸ ಹಣೆಯನ್ನು ಹಸುವಿನ ಪಕ್ಕೆಗೆ ಒತ್ತಿ ನಕ್ಕಳು.

“ಸಾಕು ಬುಡವ್ವ, ಒಟ್ಟೆ ನೋಯ್ತದೆ” ಎಂದಳು ಅವ್ವ. ಸೆರಗು ಇಳಿಸಿ, “ಇವನಪ್ಪ ಬೈತಿದ್ದ, ಒಡೀತಿದ್ದ, ಆಮೇಕೆ ಇಟ್ಟು ಇಕ್ಕಮ್ಮಿ ಅಂತ ಬತ್ತಿದ್ದ. ಮಳೆ ಉಯ್ದು ಓದಂಗೆ. ಇವನ್ದು ಬರೀ ಮೋಡ ಕಣವ್ವ. ಉಯ್ಯದೂ ಇಲ್ಲ, ಓಗದೂ ಇಲ್ಲ.”

“ಅಂಗಾರೆ ತಾತನೇ ವಾಸಿನಾ ಅಜ್ಜಿ?”

ಅವ್ವ ಇಲ್ಲ ಎನ್ನುತ್ತಾಳೆ ಎಂದು ರಘುನಂದನ ಕಾದ. ಅವ್ವ ಯೋಚಿಸಿದಳು.

“ಅವನು ಒಡದಾಗ ಅಳಬೋದಿತ್ತಲ್ಲವ್ವ” ಎಂದಳು.

ಅವನ ಕೈ ಮೆದೆಯ ಹುಲ್ಲನ್ನು ಹಿಡಿದುಕೊಂಡಿತು. ಹುಲ್ಲು ಸರಗುಟ್ಟಿತು. ಹಸು ಕಿವಿ ನಿಮಿರಿಸಿತು. ಪಾತ್ರೆಗೆ ಬೀಳುತ್ತಿದ್ದ ಹಾಲಿನ ಸದ್ದು ಸಣ್ಣಗಾಗಿ ನಿಂತಿತು.

ಮಾನಸ ಕೆಚ್ಚಲು ನೀವಿದಳು. ಬರಲಿಲ್ಲ. “ಯಾಕೆ ಗೌರಿ?” ಎಂದಳು. “ಅವ್ರೇನಾದ್ರೂ ಬಂದ್ಬುಟ್ರಾ?”

ಮೂವರೂ ಮತ್ತೆ ನಕ್ಕರು. ಹಸು ಮಾತ್ರ ಮೆದೆಯ ಕಡೆಯೇ ನೋಡುತ್ತಿತ್ತು.

ರಘುನಂದನನಿಗೆ ದಿಗಿಲಾಯಿತು. ಬರಸಿಡಿಲು ಎನ್ನುತ್ತಾರಲ್ಲ, ಹಾಗೆ. ಈಗಲೇ ಒಳಗೆ ಹೋಗಿ ಅವರ ಜೊತೆ ನಕ್ಕುಬಿಟ್ಟರೆ? ಬಾಯಿ ತೆರೆದ. ಬಾಯಿಗೆ ಬಂದದ್ದು “ನಾನೇನಾದ್ರೂ ಅಂದ್ನಾ?” ಎಂಬ ಮಾತೊಂದೇ. ಅದರ ಹಿಂದೆಯೇ ಇನ್ನೊಂದು ತಿಳಿಯಿತು: ಇವತ್ತು ರಾತ್ರಿ ಉಣ್ಣಬಾರದು ಎಂದು ಅವನೊಳಗೆ ಯಾರೋ ಆಗಲೇ ತೀರ್ಮಾನ ಮಾಡಿಯಾಗಿತ್ತು.

ಹಿಂದೆ ಸರಿದ. ಕಳ್ಳನ ಹಾಗೆ ಗದ್ದೆ ಬದುವಿನ ಮೇಲೆ ಸುತ್ತಿ ಬಳಸಿ ಅರಳಿಮರದ ತಿರುವಿಗೆ ಬಂದು ನಿಂತ. ಹಾಲಾದರೂ ಇಳಿಯಲಿ ಎಂದು ಕಾದ. ಮಬ್ಬು ಕವಿಯಿತು. ಮಗಳು ಕ್ಯಾನು ಹಿಡಿದು ಡೈರಿಗೆ ಹೋಗಿ ಬಂದಳು. ಮರದ ನೆರಳಲ್ಲಿದ್ದವನನ್ನು ನೋಡಲಿಲ್ಲ. ಏನೋ ಹಾಡಿಕೊಳ್ಳುತ್ತಿದ್ದಳು.

ಒಳಗೆ ಟಿವಿ ಹಾಕಿದರು. ಮತ್ತೆ ನಗು ಕೇಳಿಸಿತು.

ಹೇಳದೆ ಕೇಳದೆ ಒಳಗೆ ಹೋದರೆ ಆ ನಗು ತನ್ನ ಮುಖ ಕಂಡು ಸಾಯುವುದನ್ನು ನೋಡಬೇಕು. ಅಷ್ಟು ಧೈರ್ಯ ಅವನಿಗಿರಲಿಲ್ಲ. ಹೋಗದಿರಲು ಬೇರೆ ಮನೆಯೂ ಇರಲಿಲ್ಲ. ಅತ್ತಿತ್ತ ನೋಡಿದ. ಯಾರೂ ಇಲ್ಲ. ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದುಕೊಂಡ.

“ಪೀಂ” ಎಂದ. ಇನ್ನೊಮ್ಮೆ ಜೋರಾಗಿ, “ಪೀಂ” ಎಂದ.

ಟಿವಿ ಆರಿತು. ಚಪ್ಪಲಿಯ ಸದ್ದು ಬಾಗಿಲಿಗೆ ಓಡಿತು. ಗೇಟಿನ ಅಗುಳಿ ಸರಿಯಿತು.

ಅವನು ನಡೆದುಕೊಂಡು ಬಂದ. ರಂಜಿತ ಕಾಫಿ ಲೋಟ ಹಿಡಿದು ನೆಲ ನೋಡುತ್ತ ನಿಂತಿದ್ದಳು. ಗಾಡಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಮಾನಸ ಸ್ಕೂಟರು ನುಗ್ಗುವಷ್ಟು ಅಗಲಕ್ಕೆ ಗೇಟನ್ನು ತೆರೆದು ಹಿಡಿದು, ಇಲ್ಲದ ಆ ಗಾಡಿ ಒಳಗೆ ಹೋಗಲೆಂದು ಗೋಡೆಗೆ ಒತ್ತಿಕೊಂಡು ನಿಂತಿದ್ದಳು.