ಮೂವತ್ತು ದಿನದ ಚೀಟಿ

ನಾನು ಕಾರ್ಖಾನೆಯ ಸ್ಟೋರು ನೋಡಿಕೊಳ್ಳುವವನು. ಯಾರೇ ಏನೇ ಕೇಳಲಿ, ಚೀಟಿ ಬರೆಸಿಕೊಂಡು ಮೂವತ್ತು ದಿನ ಕಾಯಿಸುತ್ತೇನೆ. ಅಷ್ಟರಲ್ಲಿ ಅರ್ಧ ಜನಕ್ಕೆ ಆ ಸಾಮಾನು ಬೇಡವೇ ಆಗಿರುತ್ತದೆ. ಬೈಯುವವರು ಬೈದುಕೊಳ್ಳಲಿ, ಇಪ್ಪತ್ತು ವರ್ಷದಲ್ಲಿ ನನ್ನ ಸ್ಟೋರಿನಿಂದ ಒಂದು ಮೊಳೆಯೂ ದಂಡವಾಗಿ ಹೋಗಿಲ್ಲ.

ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಾಗ ಇದೇ ಪದ್ಧತಿಯನ್ನು ಮನೆಗೂ ತಂದೆ. ಎರಡು ತಿಂಗಳಲ್ಲಿ ಫೀಸು ಕಟ್ಟಬೇಕಿತ್ತು, ಇಬ್ಬರ ಸಂಬಳ ಸೇರಿಸಿದರೂ ಅಷ್ಟಕ್ಕಷ್ಟೇ. ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ ಹೊಡೆದೆ. ಮಗಳ ಚಪ್ಪಲಿ, ನನ್ನ ವಾಚಿನ ಬೆಲ್ಟು, ಕುಕ್ಕರಿನ ಗ್ಯಾಸ್ಕೆಟ್ಟು, ಎಲ್ಲದರ ಚೀಟಿಯೂ ಅಲ್ಲಿ ನೇತುಬಿತ್ತು. "ನಮ್ಮಪ್ಪನ ಹತ್ರ ಉಸಿರಾಡೋಕೂ ಚೀಟಿ ಬೇಕು," ಎಂದು ಮಗಳು ರೇಗಿಸುತ್ತಿದ್ದಳು. ನಾನೂ ನಗುತ್ತಿದ್ದೆ.

ಒಂದು ಬೆಳಿಗ್ಗೆ ಹೆಂಡತಿಯ ಅಕ್ಷರದಲ್ಲಿ ಒಂದು ಚೀಟಿ ಕಂಡಿತು: 'ಎಡಗಿವಿ ನೋವು, ಡಾಕ್ಟರು.' ಅವಳು ಲಾರಿ ಬುಕಿಂಗ್ ಆಫೀಸಿನಲ್ಲಿ ಫೋನ್ ಎತ್ತುವವಳು. ಎಡಗಿವಿಗೆ ಫೋನು, ಬಲಗೈಯಲ್ಲಿ ಪೆನ್ನು. ನಮ್ಮ ಮನೆಯ ಅರ್ಧ ಅನ್ನ ಆ ಕಿವಿಯಿಂದ ಬರುತ್ತಿತ್ತು. ಇದು ಚೀಟಿಗೆ ಹಾಕುವ ವಿಷಯವಲ್ಲ ಎಂದು ಯಾರಿಗಾದರೂ ಹೊಳೆಯಬೇಕಿತ್ತು. ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅದರ ಮೇಲೆ ತಾರೀಖು ಹಾಕಿದೆ.

"ತುಂಬಾ ನೋವಾ?" ಎಂದು ಕೇಳಿದ್ದೇನೋ ನಿಜ.

"ತಡ್ಕೋಬಹುದು ಕಣ್ರೀ. ಫೀಸು ಕಟ್ಟಿದ್ಮೇಲೆ ನೋಡೋಣ."

ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸಕ್ಕೆ ಹೋದಳು. ಇಪ್ಪತ್ತೆರಡನೇ ದಿನ ಅವಳೇ ಚೀಟಿ ಕಿತ್ತು ತಂದು ನನ್ನ ಕೈಗಿಟ್ಟಳು. "ನೋವು ಹೋಯ್ತು. ದುಡ್ಡು ಉಳೀತು ಬಿಡಿ," ಎಂದಳು. ನಾನು ಬೀಗಿದೆ. ಮಗಳನ್ನು ಕರೆದು, ಕಾದರೆ ಎಷ್ಟೋ ಖರ್ಚು ತಾನಾಗಿ ಕರಗುತ್ತದೆ ಎಂದು ಪಾಠ ಬೇರೆ ಹೇಳಿದೆ. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಫೀಸು ಕಟ್ಟಿದ್ದಾಯಿತು. ಆಮೇಲೆ ಒಂದು ದಿನ ಅವಳ ಮ್ಯಾನೇಜರು ನನಗೆ ಫೋನ್ ಮಾಡಿದರು. "ಮೇಡಂ ಫೋನನ್ನ ಬಲಗಿವಿಗೆ ಹಿಡ್ಕೊಂಡು ಎಡಗೈಲಿ ಬರಿಯೋಕೆ ಒದ್ದಾಡ್ತಿದ್ದಾರೆ ಸಾರ್. ಕೇಳಿದ್ರೆ ಏನಿಲ್ಲ ಅಂತಾರೆ. ಒಂದ್ಸಲ ತೋರಿಸ್ಬಿಡಿ."

ಡಾಕ್ಟರು ಬಹಳ ಹೊತ್ತು ದೀಪ ಹಿಡಿದು ನೋಡಿದರು. ಏನೇನೋ ಪರೀಕ್ಷೆ ಮಾಡಿಸಿದರು. "ವಾಸಿಯಾಗಿ ನೋವು ಹೋಗಿದ್ದಲ್ಲ ಇದು. ಕೀವು ತುಂಬಿ ಕಿವಿಯ ತಮಟೆ ಒಡೆದಿದೆ, ಅದಕ್ಕೆ ನೋವು ನಿಂತಿದೆ. ಸೋಂಕು ಒಳಗಡೆಗೂ ಇಳಿದಿದೆ. ಈ ಕಿವಿ ಇನ್ನು ಕೇಳಿಸಲ್ಲಮ್ಮ," ಎಂದರು. ನನ್ನ ಕಡೆ ತಿರುಗಿ, "ಶುರುವಾದ ವಾರದಲ್ಲೇ ಬಂದಿದ್ರೆ ಮಾತ್ರೇಲೇ ಮುಗೀತಿತ್ತು," ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಿದ್ದಳು, ನಾನು ಅವಳ ಎಡಕ್ಕೆ. ಮೆಲ್ಲಗೆ, "ತಪ್ಪು ನಂದು ಕಣೇ. ನಿನ್ನ ಕಿವೀನ ನಾನೇ ಹಾಳುಮಾಡಿದೆ," ಎಂದೆ. ಅವಳು ಹೊರಗೆ ನೋಡುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ, "ಏನಾದ್ರೂ ಅಂದ್ರಾ?" ಎಂದು ಕೇಳಿದಳು.

"ಏನಿಲ್ಲ," ಎಂದುಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಎದ್ದು, ಕಂಬಿ ಹಿಡಿದು, ಅವಳ ಬಲಗಿವಿಗೆ ಬೀಳುವಷ್ಟು ಗಟ್ಟಿಯಾಗಿ ಅದನ್ನೇ ಮತ್ತೆ ಹೇಳಿದೆ. ಬಸ್ಸಿನವರೆಲ್ಲ ನಮ್ಮ ಕಡೆ ತಿರುಗಿದರು.

ಅವಳು ಹಾಗಲ್ಲ ಎನ್ನಲಿಲ್ಲ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಕಿಟಕಿಯಿಂದ ಈಚೆಗೆ ಸರಿದು, ತನ್ನ ಬಲಗಡೆ ನನಗೆ ಜಾಗ ಬಿಟ್ಟಳು.