ಬಲೂನಕ್ಕ

ಹೆಣದ ಮೂಗಿಗೆ ಹತ್ತಿ ತುರುಕಲು ಹೊರಟ ಚಿಕ್ಕಮ್ಮನ ಕೈಯನ್ನು ಮಗಳು ತಡೆದು ಹಿಡಿದಳು.

"ಅದೊಂದು ಬೇಡ ಚಿಕ್ಕಮ್ಮ. ಅಮ್ಮನ ಮೂಗಿಗೆ ತುರುಕಿದ್ದು ಸಾಕು."

"ನೊಣ ಕೂರುತ್ತಲ್ಲೇ," ಎಂದು ಗೊಣಗುತ್ತಲೇ ಚಿಕ್ಕಮ್ಮ ಹತ್ತಿಯನ್ನು ಕೆಳಗಿಟ್ಟಳು.

ಮನೆಯ ಹೊರಗೆ ಅಮ್ಮ ದುಡಿಯುತ್ತಿದ್ದ ಆಸ್ಪತ್ರೆಯವರೆಲ್ಲ ಸೇರಿದ್ದರು. ಆಸ್ಪತ್ರೆ ಗೇಟಿನ ವಾಚ್‌ಮನ್ ಯಾರಿಗೋ ಹೇಳುತ್ತಿದ್ದ: "ನಮ್ಮ ಬಲೂನಕ್ಕ ಹೋಗ್ಬಿಟ್ಳಲ್ಲಪ್ಪ. ಇಡೀ ಆಸ್ಪತ್ರೆಗೆ ಗಟ್ಟಿ ಎದೆ ಅಂದ್ರೆ ಅವಳದೇ ಆಗಿತ್ತು."

*

ಅಮ್ಮ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಹರಿದ ದಿಂಬು ಬಿಚ್ಚಿ, ಹಕ್ಕಿಗರಿ ಕೊಡವಿ, ಮತ್ತೆ ತುಂಬಿ ಹೊಲಿಯುವುದು ಅವಳ ಕೆಲಸ. ವರ್ಷಕ್ಕೊಮ್ಮೆ ಎದೆರೋಗದ ದೊಡ್ಡ ಡಾಕ್ಟರರು ವಿದ್ಯಾರ್ಥಿಗಳಿಗೆ ತೋರಿಸಲೆಂದು ಅವಳನ್ನು ಕರೆಸಿ, ಮೂಗಿನ ಮೂಲಕ ಅನ್ನನಾಳಕ್ಕೆ ಸಣ್ಣ ನಳಿಗೆ ಇಳಿಸುತ್ತಿದ್ದರು. ಅದರ ತುದಿಗೆ ಬೆರಳುದ್ದದ ಬಲೂನು. ಅವಳು ಓಕರಿಸುತ್ತ, ಕಣ್ಣುಮೂಗಲ್ಲಿ ನೀರು ಸುರಿಸುತ್ತ ಅದನ್ನು ನುಂಗಬೇಕು.

"ಉಸಿರು ಎಳೆದಾಗ ಒಳಗೆಷ್ಟು ಸೆಳೆತ ಅಂತ ಬಲೂನು ಹೇಳುತ್ತೆ. ಅಷ್ಟು ಸೆಳೆತಕ್ಕೆ ಶ್ವಾಸಕೋಶ ಎಷ್ಟು ಹಿಗ್ತು ಅಂತ ನಾವು ಅಳೀತೀವಿ," ಎಂದು ಅವರು ವಿದ್ಯಾರ್ಥಿಗಳಿಗೆ ಹೇಳುವರು. "ಇವಳದು ಇನ್ನೂರು. ಹೊಸ ರಬ್ಬರ್ ಇದ್ದ ಹಾಗೆ."

ವಿದ್ಯಾರ್ಥಿಗಳು ಅವಳನ್ನಲ್ಲ, ಕಾಗದದ ಮೇಲೆ ಗೆರೆ ಎಳೆಯುವ ಯಂತ್ರದ ಮುಳ್ಳನ್ನು ನೋಡುವರು. ಜೊಲ್ಲು ಒರೆಸಿಕೊಳ್ಳಲು ಒಂದು ಬಟ್ಟೆತುಂಡು, ಅರ್ಧ ದಿನದ ರಜೆ ಸಿಗುತ್ತಿತ್ತು.

"ನಂದು ಇನ್ನೂರಂತೆ ಕಣೇ," ಎಂದು ಅಮ್ಮ ಮನೆಗೆ ಬಂದು ಬೀಗುತ್ತಿದ್ದಳು. ಆಮೇಲಾಮೇಲೆ ಕೇಳಿದರೆ, "ಅಂಕಿ ಹೇಳ್ಲಿಲ್ಲ. ಚೆನ್ನಾಗಿದೆ ಅಂದ್ರು," ಎನ್ನುವಳು. ಆ ಹೊತ್ತಿಗಾಗಲೇ ಹತ್ತು ಮೆಟ್ಟಿಲಿಗೆ ಎರಡು ಸಲ ನಿಲ್ಲುತ್ತಿದ್ದಳು.

*

ದೊಡ್ಡ ಡಾಕ್ಟರರು ಪೆಟ್ಟಿಗೆಯಲ್ಲಿದ್ದ ಶವದ ಕಾಲಬುಡದಲ್ಲಿ ಹೂವಿಟ್ಟು, ಮಗಳನ್ನು ಅಂಗಳದ ಗೋಡೆಯ ಪಕ್ಕಕ್ಕೆ ಕರೆದರು. ಜೇಬಿನಿಂದ ಒಂದು ಕಾಗದ ಬಿಚ್ಚಿದರು.

"ನಿಮ್ಮ ತಾಯಿಯ ಅಳತೆಗಳನ್ನ ವೈದ್ಯಕೀಯ ಪತ್ರಿಕೇಲಿ ಪ್ರಕಟಿಸೋಣ ಅಂತಿದೀನಮ್ಮ. ನಿಮ್ಮದೊಂದು ಸಹಿ ಬೇಕಿತ್ತು. ಆರೋಗ್ಯವಾಗಿದ್ದಾಗಿಂದ ಕೊನೇವರೆಗೂ ಒಬ್ಬರದೇ ಅಳತೆ ಎಲ್ಲೂ ಸಿಗಲ್ಲ. ಇನ್ನೂರು, ನೂರೈವತ್ತು, ನೂರು, ಅರವತ್ತು. ಎಷ್ಟು ನೀಟಾಗಿ ಇಳಿದಿದೆ ನೋಡಿ."

ಅಂಕಿಗಳ ಪಕ್ಕದಲ್ಲಿ ತಾರೀಖುಗಳಿದ್ದವು. ಮಗಳು ಎರಡು ಸಲ ಓದಿದಳು.

"ನೂರೈವತ್ತಕ್ಕೆ ಇಳಿದು ನಾಲ್ಕು ವರ್ಷ ಆಗಿದೆ. ನೀವು ಕಾಯಿಲೆ ಅಂತ ಹೇಳಿದ್ದು ಹೋದ ವರ್ಷ."

"ಒಂದೇ ಅಂಕಿಯಿಂದ ಏನೂ ಹೇಳಕ್ಕಾಗಲ್ಲಮ್ಮ."

"ನೂರಾದಾಗ? ಅದಕ್ಕೂ ಎರಡು ವರ್ಷದ ಮೇಲಾಯ್ತು."

"ಆಗ ಗೊತ್ತಾಯ್ತು. ದಿಂಬಿನ ಗರಿಧೂಳಿಂದ ಬಂದಿದ್ದು ಅಂತ."

"ಹಾಗಾದ್ರೆ ಆ ಕೋಣೆಯಿಂದ ಬಿಡಿಸಬಹುದಿತ್ತಲ್ಲ."

"ಕೆಲಸ ಬದಲಾಯಿಸಿದ್ರೆ ಅಳತೆನೂ ಬದಲಾಗ್ತಿತ್ತಲ್ಲಮ್ಮ," ಎಂದರು, ದಡ್ಡ ವಿದ್ಯಾರ್ಥಿಗೆ ತಿಳಿಹೇಳುವಷ್ಟು ತಾಳ್ಮೆಯಿಂದ.

ಮಗಳು ತಿರುಗಿ ಚರಂಡಿಗೆ ಉಗುಳಿದಳು. ಕಾಗದವನ್ನು ನಾಲ್ಕಾಗಿ ಮಡಚಿ ಅವರ ಅಂಗಿಯ ಜೇಬಿಗೆ ತುರುಕಿದಳು. ಜೇಬಿನ ಹಿಂದೆ ಎದೆ ಸಲೀಸಾಗಿ ಏರಿ ಇಳಿಯುತ್ತಿದ್ದುದು ಬೆರಳಿಗೆ ತಾಗಿತು. ಬೆರಳುಗಳನ್ನು ಒರಟು ಗೋಡೆಗೆ ಉಜ್ಜಿದಳು.

"ಪೆಟ್ಟಿಗೆ ಎತ್ತೋ ಹೊತ್ತಾಯ್ತು," ಎಂದು ವಾಚ್‌ಮನ್ ಕರೆದ. ಡಾಕ್ಟರರು ಅಂಗಿಯ ತೋಳು ಮಡಚುತ್ತ ಪೆಟ್ಟಿಗೆಯ ಒಂದು ಮೂಲೆಗೆ ಬಂದರು.

"ನೀವು ಮುಟ್ಟಬೇಡಿ," ಎಂದಳು ಮಗಳು. ಆ ಮೂಲೆಗೆ ತಾನೇ ಹೆಗಲು ಕೊಟ್ಟಳು.

ವ್ಯಾನು ಹೊರಟಾಗ ಹಿಂದಿನ ಗಾಜಿನಲ್ಲಿ ಡಾಕ್ಟರರು ಕಂಡರು. ಯಾರೋ ತಂದುಕೊಟ್ಟ ಚಹಾವನ್ನು ತುಟಿ ಚೂಪು ಮಾಡಿ ಊದುತ್ತಿದ್ದರು, ಒಂದೇ ಉದ್ದನೆಯ, ನಿಧಾನದ ಉಸಿರಿನಲ್ಲಿ. ಕೆನೆ ಲೋಟದ ಅಂಚಿಗೆ ಸರಿಯಿತು. ಅವರು ಗುಟುಕರಿಸಿದರು.